ಆಕರ ಎಲ್ಲಿ?

ಕನ್ನಡ ಬ್ಲಾಗುಗಳಲ್ಲಿ ಬಂದ ಪುಸ್ತಕ ವಿಮರ್ಶೆ ನನ್ನ ಸಂಶೋಧನೆಯ ವಿಷಯ. ಕಳೆದ ತಿಂಗಳು ಗೂಳೂರಿನ ಮನೆಯಲ್ಲಿ ಮೂರನೇ ಅಧ್ಯಾಯದ ಅಡಿಟಿಪ್ಪಣಿ ತಿದ್ದಲು ಕೂತರೆ, ನಾನೇ ಓದಿ ಗುರುತು ಹಾಕಿಕೊಂಡಿದ್ದ ಎಷ್ಟೋ ಕೊಂಡಿಗಳು ತೆರೆಯಲೇ ಇಲ್ಲ. ಅವುಗಳಲ್ಲೊಂದು ಲೇಖನವನ್ನು ನಂಬಿಕೊಂಡೇ ಇಡೀ ಅಧ್ಯಾಯ ನಿಂತಿತ್ತು. ವೇಬ್ಯಾಕ್ ಮಷೀನಿನಲ್ಲಿ ಹುಡುಕಿದೆ. ಆ ಬ್ಲಾಗಿನ ಮುಖಪುಟ ಮಾತ್ರ ಸಿಕ್ಕಿತು. ‘ಆಕರ ಎಲ್ಲಿ?’ ಎಂದರು ಮಾರ್ಗದರ್ಶಕರು. ನನ್ನ ಬಳಿ ಇದ್ದದ್ದು ನಾಲ್ಕು ಸಾಲಿನ ಟಿಪ್ಪಣಿ.

ನಾನೂ ಒಂದು ಬ್ಲಾಗು ಶುರುಮಾಡಬೇಕೆಂದು ಓಡಾಡುತ್ತಿದ್ದ ದಿನಗಳವು. ಎಲ್ಲಿ ಬರೆಯಬೇಕು ಎನ್ನುವುದನ್ನು ನಮ್ಮ ಸಾಹಿತ್ಯವಲಯ ಕಂಪ್ಯೂಟರ್ ಬಲ್ಲವರಿಗೆ ಬಿಟ್ಟುಕೊಟ್ಟಿದೆ. ಅಡಿಗರ ‘ಸಾಕ್ಷಿ’ಯಲ್ಲಿ ಬಂದ ವಿಮರ್ಶೆಯ ಜೊತೆ ಇವತ್ತೂ ಜಗಳ ಕಾಯಬಹುದು, ಸಂಚಿಕೆ ಕೈಗೆ ಸಿಗುತ್ತದೆ. ಹದಿನೈದು ವರ್ಷದ ಹಿಂದಿನ ಬ್ಲಾಗಿನ ಜೊತೆ ಜಗಳ ಕಾಯುವುದಕ್ಕೂ ಪುಣ್ಯ ಬೇಕು.

ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಅಂತರ್ಜಾಲಕ್ಕೆ ಬಂದಿತ್ತು. ಆಗ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಕಾಣುತ್ತಿದ್ದದ್ದು ಗೀಚು. ಯುನಿಕೋಡ್ ಬಂದು, 2003ರಲ್ಲಿ ಗೂಗಲ್ ಕೊಂಡ ಬ್ಲಾಗರ್ ಪುಕ್ಕಟೆ ಸಿಕ್ಕಿ, ನಮ್ಮವರು ಧಾರಾಳವಾಗಿ ಬರೆದರು. ಬಾಡಿಗೆಯಿಲ್ಲದ ಮನೆ; ಕರಾರುಪತ್ರ ಯಾರೂ ಓದಲಿಲ್ಲ. 2009ರಲ್ಲಿ ಜಿಯೋಸಿಟೀಸ್ ಮುಚ್ಚಿತು, 2013ರಲ್ಲಿ ಗೂಗಲ್ ರೀಡರ್.

ಆಮೇಲೆ ಎಲ್ಲರೂ ಫೇಸ್‌ಬುಕ್ಕಿಗೆ ಹೋದೆವು. ವಿಮರ್ಶೆಗೆ ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿ ಎಂದು ನನ್ನ ಗುಮಾನಿ. ಅಲ್ಲಿ ಪುಸ್ತಕದ ಬಗ್ಗೆ ಬರೆಯುವಾಗ ಲೇಖಕರು ಎದುರಿಗೇ ಕೂತಿರುತ್ತಾರೆ, ಅದೂ ನಾವೇ ಟ್ಯಾಗ್ ಮಾಡಿ ಕರೆದು ಕೂರಿಸಿದವರು. ಮೊದಲ ಪ್ಯಾರಾ ಅಭಿನಂದನೆಯಾಗುತ್ತದೆ. ಕೊನೆಯದು ‘ಎಲ್ಲರೂ ಓದಲೇಬೇಕಾದ ಕೃತಿ’. ನಡುವೆ ಒಂದು ತಕರಾರು ಎತ್ತಿದರೆ ಸಂಜೆಯೊಳಗೆ ಅದು ಮನಸ್ತಾಪ. ಮೂರು ದಿನಕ್ಕೆ ಬರಹ ಕೆಳಗಿಳಿದು ಹೋಗುತ್ತದೆ, ಬರೆದವರಿಗೇ ಹುಡುಕಿದರೆ ಸಿಗುವುದಿಲ್ಲ. ನಾನೂ ಹಾಗೆ ಬರೆದಿದ್ದೇನೆ. ಈಗ ಓದಿದರೆ ನಾಚಿಕೆಯಾಗುತ್ತದೆ.

ನಮ್ಮೂರ ಗಣಪನನ್ನು ಕೆರೆಯ ಮಣ್ಣಿನಲ್ಲಿ ಮಾಡಿ, ಬಲಿಪಾಡ್ಯಮಿಗೆ ಕೂರಿಸಿ, ಕಾರ್ತಿಕ ಕಳೆದ ಮೇಲೆ ಅದೇ ಕೆರೆಗೆ ಬಿಡುತ್ತಾರೆ. ಅಳಿಯುವುದನ್ನು ನೋಡಿಯೇ ಬೆಳೆದವರು ನಾವು. ಆದರೆ ಬಿಡುವ ದಿನ ಊರಿಗೆಲ್ಲ ಗೊತ್ತಿರುತ್ತದೆ, ಜನ ಕೆರೆಯ ತನಕ ಜೊತೆಗೆ ಹೋಗುತ್ತಾರೆ.

ಹಾಗಾಗಿ ವೇದಿಕೆಗಳನ್ನು ನೋಡುವಾಗ ಅಂದ ಚೆಂದ ಬಿಟ್ಟು, ಹೊರಡಬೇಕಾದರೆ ಗಂಟುಮೂಟೆ ಕಟ್ಟಲು ಬಿಡುತ್ತಾರೆಯೇ ಎಂದು ಕೇಳಿದೆ. ಬ್ಲಾಗರ್ ಬಿಡುತ್ತದೆ, ಬರಹಗಳನ್ನೆಲ್ಲ ಇಳಿಸಿಕೊಳ್ಳಬಹುದು. ಸಬ್‌ಸ್ಟ್ಯಾಕ್ ಬರಹಗಳ ಜೊತೆ ಚಂದಾದಾರರ ಪಟ್ಟಿಯನ್ನೂ ಕೊಡುತ್ತದೆ. ಅಲ್ಲಿ ಬರಹ ಓದುಗರ ಮೇಲ್‌ಗೇ ಹೋಗುವುದರಿಂದ ಒಂದೊಂದು ಪ್ರತಿ ಅವರಲ್ಲೂ ಉಳಿಯುತ್ತದೆ. ವರ್ಡ್‌ಪ್ರೆಸ್ ಮುಕ್ತ ತಂತ್ರಾಂಶ, ಒಂದು ಕಡೆ ಸರಿಬರದಿದ್ದರೆ ಇನ್ನೊಂದು ಸರ್ವರಿಗೆ ಎತ್ತಿಕೊಂಡು ಹೋಗಬಹುದು. ನಾನು ಅದನ್ನೇ ಆರಿಸಿಕೊಂಡೆ, ಸ್ವಂತ ಡೊಮೈನ್ ಹೆಸರಿನ ಜೊತೆಗೆ. ಮನೆ ಬದಲಾದರೂ ವಿಳಾಸ ಬದಲಾಗದಿದ್ದರೆ ಮುಂದೆ ಯಾರದೋ ಅಡಿಟಿಪ್ಪಣಿ ಉಳಿದುಕೊಳ್ಳುತ್ತದೆ. ಡೊಮೈನಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಫೆಲೋಶಿಪ್ ಬರುವುದು ತಡವಾದ ವರ್ಷ ಏನು ಮಾಡುವುದೆಂದು ಇನ್ನೂ ಯೋಚಿಸಿಲ್ಲ. ಕಟ್ಟದಿದ್ದರೆ ಆ ಹೆಸರನ್ನು ಬೇರೆ ಯಾರಾದರೂ ಕೊಳ್ಳಬಹುದು.

ಮೊದಲ ಬರಹ ಆ ಕಾಣೆಯಾದ ಲೇಖನದ ಬಗ್ಗೆ, ನನಗೆ ನೆನಪಿದ್ದಷ್ಟು. ಹಾಕಿದ ದಿನವೇ ಒಂದು ಪ್ರತಿಯನ್ನು ಇಂಟರ್ನೆಟ್ ಆರ್ಕೈವಿಗೆ ಸೇರಿಸಿದೆ. ಇನ್ನೊಂದನ್ನು ಪ್ರಿಂಟ್ ತೆಗೆಸಿ ಮಾರ್ಗದರ್ಶಕರ ಮೇಜಿನ ಮೇಲಿಟ್ಟು ಬಂದೆ.