ಛೇದದಲ್ಲಿ ಕೂತವರು ಯಾರು?

ಜರ್ಮನ್ ಕಲಿಯೋಕೆ ಅಂತ ಹಾಕಿಕೊಂಡಿದ್ದ ಆ್ಯಪ್ ಇನ್ನೂರು ದಿನ ನನ್ನ ಬೆನ್ನು ತಟ್ಟಿತು. ಆ ಧೈರ್ಯದ ಮೇಲೆ ಮ್ಯೂನಿಕ್‌ನ ಬೇಕರಿಯೊಂದರಲ್ಲಿ ನಿಂತು, ಬಾಯಿಪಾಠ ಮಾಡಿದ್ದ ವಾಕ್ಯ ಒಪ್ಪಿಸಿದೆ. ಕೌಂಟರಿನ ಹುಡುಗಿ ನಗುನಗುತ್ತಲೇ ಇಂಗ್ಲಿಷಿನಲ್ಲಿ ಬೇರೇನು ಬೇಕು ಅಂತ ಕೇಳಿದಳು. ಆರು ತಿಂಗಳ ಪ್ರಾಜೆಕ್ಟ್ ಮುಗಿಸಿ ವಾಪಸ್ ಬರುವಾಗ ನನ್ನ ಜರ್ಮನ್ 'ಡಾಂಕೆ'ಗೆ ಬಂದು ನಿಂತಿತ್ತು.

ಕಾತೋ ಲೊಂಬ್ ಅವರ 'ಪಾಲಿಗ್ಲಾಟ್' ಓದಿದ್ದು ಆ ಸೋಲಿನ ಕಹಿ ಇನ್ನೂ ಇಳಿಯದಿದ್ದಾಗ. 1909ರಲ್ಲಿ ಹುಟ್ಟಿದ ಈ ಹಂಗೆರಿಯ ಹೆಣ್ಣುಮಗಳು ಓದಿದ್ದು ರಸಾಯನಶಾಸ್ತ್ರ, ಹೊಟ್ಟೆ ಹೊರೆದಿದ್ದು ದುಭಾಷಿಯಾಗಿ. ಪುಸ್ತಕ ಹಂಗೇರಿಯನ್‌ನಲ್ಲಿ ಬಂದಿದ್ದು 1970ರಲ್ಲಿ. ಇಂಗ್ಲಿಷಿಗೆ ಬರೋಕೆ 2008 ಆಯ್ತು, ಅಷ್ಟರಲ್ಲಿ ಆಕೆ ತೀರಿಕೊಂಡು ಐದು ವರ್ಷವಾಗಿತ್ತು.

ಇಂಥ ಪುಸ್ತಕ ಅಂದರೆ ಬ್ಯಾಗು ಹೆಗಲಿಗೇರಿಸಿ ದೇಶ ಸುತ್ತಿದ ಕತೆ ಇರುತ್ತೆ ಅಂದುಕೊಂಡಿದ್ದೆ. ಇಲ್ಲಿ ಉಲ್ಟಾ. ಊರು ಸುತ್ತಿ ಭಾಷೆ ಕಲಿತವರಲ್ಲ ಲೊಂಬ್, ಭಾಷೆ ಕಲಿತಿದ್ದರಿಂದ ಊರು ಸುತ್ತುವ ಕೆಲಸ ಸಿಕ್ಕವರು. ಎರಡನೇ ಮಹಾಯುದ್ಧದ ಹೊತ್ತಿಗೆ, ಹಂಗೆರಿ ರಷ್ಯಾದ ವಿರುದ್ಧ ನಿಂತಿದ್ದಾಗ, ಆಕೆ ಬಾಂಬ್ ಶೆಲ್ಟರಿನಲ್ಲಿ ಕೂತು ಗೊಗೊಲ್‌ನ 'ಡೆಡ್ ಸೋಲ್ಸ್' ಓದುತ್ತಾರೆ, ಅದೂ ರಷ್ಯನ್ ಮೂಲದಲ್ಲಿ. ಯಾರಿಗೂ ಗೊತ್ತಾಗದಂತೆ ಅದರ ಹಾಳೆಗಳನ್ನು ಹಂಗೇರಿಯನ್ ವಿಶ್ವಕೋಶವೊಂದರ ಒಳಗೆ ಸೇರಿಸಿಟ್ಟುಕೊಂಡು! ಅರ್ಥವಾಗದ ಪದ ಬಂದರೆ ಹಾರಿಸಿ ಮುಂದಕ್ಕೆ. 1945ರಲ್ಲಿ ರಷ್ಯನ್ ಸೈನ್ಯ ಬುಡಾಪೆಸ್ಟ್‌ಗೆ ಬಂದಾಗ ಅವರ ಜೊತೆ ಮಾತಾಡಬಲ್ಲವರು ಬೇಕಾಗಿತ್ತು. ಆಕೆಯ ಕೆಲಸ ಶುರುವಾಗಿದ್ದು ಹಾಗೆ.

ನನಗೆ ಇನ್ನೂ ಇಷ್ಟವಾಗಿದ್ದು ಆಕೆಯ ಲೆಕ್ಕದ ಪ್ರಾಮಾಣಿಕತೆ. ಹದಿನಾರು ಭಾಷೆ ಅಂತ ಒಟ್ಟಿಗೆ ಎದೆ ತಟ್ಟಿಕೊಳ್ಳೋದಿಲ್ಲ. ಹಂಗೇರಿಯನ್ ಸೇರಿ ಐದು ಸದಾ ತನ್ನೊಳಗೆ ಇವೆ, ಇನ್ನೈದಕ್ಕೆ ಮೊದಲು ಅರ್ಧ ದಿನ ಸಾಣೆ ಹಿಡೀಬೇಕು, ಉಳಿದವು ಅನುವಾದದ ಮಟ್ಟಿಗೆ ಅಂತ ಬಿಡಿಸಿ ಹೇಳುತ್ತಾರೆ. ಮೂರು ವಾಕ್ಯ ಕಲಿತು ಯೂಟ್ಯೂಬಿನಲ್ಲಿ ಬಹುಭಾಷಾ ಪಂಡಿತರಾಗುವ ಕಾಲದಲ್ಲಿ ಇದನ್ನು ಓದೋದೇ ಒಂದು ಸಮಾಧಾನ. ವಾರಕ್ಕೆ ಹತ್ತು-ಹನ್ನೆರಡು ಗಂಟೆಯಾದರೂ ಬೇಕು ಅನ್ನುತ್ತಾರೆ. ಸಿಲ್ಕ್ ಬೋರ್ಡ್ ದಾಟೋರಿಗೆ ಅದೂ ಸಿಕ್ಕೀತು, ಓದೋಕೆ ಸೀಟು ಸಿಕ್ಕರೆ.

ತಕರಾರಿರೋದು ಆಕೆಯ ಸೂತ್ರದ ಬಗ್ಗೆ. ಹಾಕಿದ ಸಮಯವನ್ನು ಆಸಕ್ತಿಯಿಂದ ಗುಣಿಸಿ, ಹಿಂಜರಿಕೆಯಿಂದ ಭಾಗಿಸಿದರೆ ಸಿಗೋದು ಫಲ. ಚೆನ್ನಾಗಿದೆ. ಆದರೆ ಛೇದದಲ್ಲಿರುವ ಆ ಹಿಂಜರಿಕೆಯನ್ನು ಆಕೆ ಪೂರ್ತಿ ಕಲಿಯುವವನ ತಲೆಗೇ ಕಟ್ಟುತ್ತಾರೆ, ನಾಚಿಕೆ ಬಿಟ್ಟರೆ ಸಾಕು ಅನ್ನುವ ಹಾಗೆ. ದುಭಾಷಿ ಬಾಯಿ ತೆರೆಯೋದನ್ನೇ ಎದುರಿನವರು ಕಾದು ಕೂತಿರುತ್ತಾರೆ, ಆಕೆ ಇಲ್ಲದಿದ್ದರೆ ಅವರ ಮಾತೇ ನಿಂತುಹೋಗುತ್ತೆ. ನನ್ನ ಜರ್ಮನ್‌ಗೆ ಯಾರು ಕಾದಿದ್ದರು? ಹಿಂದೆ ಏಳು ಜನ ಕ್ಯೂ ನಿಂತಿದ್ದರು.

ಇಷ್ಟು ಬರೆದು, ಬೇಕರಿ ಹುಡುಗಿಯ ಮೇಲೆ ಗೂಬೆ ಕೂರಿಸಿ ಎದ್ದುಬಿಡಬಹುದಿತ್ತು. ನಮ್ಮ ಟೀಮಿನ ಅಸ್ಸಾಮಿ ಹುಡುಗ ನೆನಪಾದ. ಪಾಪ, ಪುಸ್ತಕ ಕೊಂಡು ಕನ್ನಡ ಕಲಿಯೋಕೆ ಹೊರಟಿದ್ದ. ಒಂದಿನ ಮಧ್ಯಾಹ್ನ ನನ್ನ ಡೆಸ್ಕ್ ಹತ್ತಿರ ಬಂದು, "ತಾವು ಭೋಜನವನ್ನು ಮಾಡಿದಿರಾ?" ಅಂದ. ಇಡೀ ಬೇ ಹೋ ಅಂತ ನಕ್ಕಿತು, ನಾನೂ ನಕ್ಕೆ. 'ಊಟ ಆಯ್ತಾ' ಅಂತ ಹೇಳಿಕೊಡೋಕೆ ಹತ್ತು ಸೆಕೆಂಡು ಸಾಕಿತ್ತು. ಅದರ ಬದಲು ಅವನಿಗೆ ಅನುಕೂಲವಾಗಲಿ ಅಂತ ಇಂಗ್ಲಿಷಿಗೆ ಇಳಿದೆ. ನಮ್ಮ ಭಾಷೆ ಯಾರೂ ಕಲಿಯಲ್ಲ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಗೊಣಗಿದ್ದೂ ಅದೇ ವಾರ. ಅವನ ಛೇದದಲ್ಲಿ ಕೂತವನು ನಾನೇ.

ಲೊಂಬ್ ಪುಸ್ತಕವನ್ನು ಅವನಿಗೆ ಕೊಟ್ಟೆ. ಓದಿದನೋ ಇಲ್ಲವೋ ಕೇಳಿಲ್ಲ. ಈಗ ಊಟಕ್ಕೆ ಒಟ್ಟಿಗೆ ಹೋಗ್ತೀವಿ, ನಾನು ಕನ್ನಡ ಬಿಡಲ್ಲ, ಅವನು ತಡವರಿಸಿದರೆ ಕಾಯ್ತೀನಿ. ಕಾಯೋದು ಅಂದುಕೊಂಡಷ್ಟು ಸುಲಭ ಅಲ್ಲ ಮಾರಾಯ್ರೆ, ನಾಲಿಗೆ ತುದೀಲಿ ಇಂಗ್ಲಿಷ್ ಕುಣೀತಿರುತ್ತೆ. ಮೊನ್ನೆ ಕ್ಯಾಂಟೀನಿನಲ್ಲಿ ಅವನೇ ಮುಂದೆ ಹೋಗಿ, "ಅಣ್ಣಾ, ಪಲ್ಯ ಇದೆಯಾ?" ಅಂತ ಕೇಳಿದ. ಎಷ್ಟು ಸ್ಪಷ್ಟವಾಗಿ ಅಂತೀರಿ!

ಮಂಡ್ಯ ಕಡೆಯ ಕ್ಯಾಂಟೀನಿನ ಅಣ್ಣ ತಟ್ಟೆಯಿಂದ ತಲೆ ಎತ್ತಿ, ಅವನ ಮುಖ ನೋಡಿ, "ಖತಮ್ ಹೋಗಯಾ ಭೈಯಾ" ಅಂದರು.