ಕೋಳಿ, ಕತ್ತಲೆ ಮತ್ತು ಊರು : ಒಂದು ವಿದ್ಯಾರ್ಥಿ ಚಿತ್ರದ ವಿಮರ್ಶೆ

ಜಾನಪದ ಕಥೆಯನ್ನು ಕೈಗೆತ್ತಿಕೊಳ್ಳುವ ಕಲಾವಿದನ ಮುಂದೆ ಎರಡು ದಾರಿಗಳಿರುತ್ತವೆ. ಅಜ್ಜಿ ಹೇಳಿದಂತೆಯೇ ಅದನ್ನು ಮತ್ತೆ ಹೇಳುವುದು ಒಂದು. ಅಜ್ಜಿ ಹೇಳದೆ ಉಳಿಸಿದ್ದನ್ನು ಹುಡುಕಿ ಹೇಳುವುದು ಇನ್ನೊಂದು. ಮೊದಲನೆಯದು ಸುಲಭ, ನಿರಪಾಯ. ಎರಡನೆಯದಕ್ಕೆ ಕಥೆಯ ಮೇಲೆ ಪ್ರೀತಿಯೂ ಬೇಕು, ಅದನ್ನು ಪ್ರಶ್ನಿಸುವ ಧೈರ್ಯವೂ ಬೇಕು. ಈ ಎರಡನೆಯ ದಾರಿಯನ್ನು ಹಿಡಿದ ಕನ್ನಡದ ಕಿರುಚಿತ್ರವೊಂದು ಸಹೃದಯರ ವಿಚಾರಕ್ಕೆ ಅರ್ಹವಾಗಿದೆ.

ವೈದ್ಯಶಿಕ್ಷಣ ಮುಗಿಸಿ ಚಿತ್ರಕಲೆಯತ್ತ ತಿರುಗಿದ ಮೈಸೂರಿನ ಶ್ರೀ ಚಿದಾನಂದ ಎಸ್. ನಾಯಕ್ ಅವರು ಪುಣೆಯ ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಒಂದು ವರ್ಷದ ಅಭ್ಯಾಸಕ್ರಮದ ವಿದ್ಯಾರ್ಥಿಯಾಗಿದ್ದಾಗ ನಿರ್ದೇಶಿಸಿದ ಚಿತ್ರವಿದು. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬುದು ಇದರ ಆಂಗ್ಲ ಹೆಸರು. ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿಯಿತು ಎಂಬುದು ಅದರ ಭಾವ. ಮಾತು ಕನ್ನಡ, ಅವಧಿ 16 ನಿಮಿಷ, ಚಿತ್ರೀಕರಣ ನಡೆದದ್ದು ಕೇವಲ ನಾಲ್ಕು ದಿನ. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ ‘ಲಾ ಸಿನೆಫ್’ನಲ್ಲಿ ಇದಕ್ಕೆ ಪ್ರಥಮ ಬಹುಮಾನ ದೊರೆಯಿತು. ಜಗತ್ತಿನ 555 ಚಿತ್ರಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ 18 ಮಾತ್ರ ಆಯ್ಕೆಯಾಗಿದ್ದವು. ಇದು ಹೆಮ್ಮೆಯ ಸಂಗತಿಯೆಂಬುದು ನಿಸ್ಸಂಶಯ. ಆದರೆ ಬಹುಮಾನವೇ ವಿಮರ್ಶೆಯಲ್ಲ. ಹೊರಗಿನವರು ಮೆಚ್ಚಿದರೆಂದು ನಾವೂ ಮೆಚ್ಚುವುದು, ಅಥವಾ ಅದೇ ಕಾರಣಕ್ಕೆ ಶಂಕಿಸುವುದು, ಇವೆರಡೂ ನೋಡದೆಯೇ ನುಡಿಯುವ ಕ್ರಮಗಳು.

ಕಥೆ ಸರಳವಾದುದು. ಒಬ್ಬ ವೃದ್ಧೆ ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ. ಕೂಗುವ ಹುಂಜವಿಲ್ಲದ ಊರಿಗೆ ಬೆಳಗೇ ಆಗದು. ಜನಜೀವನ ಅಸ್ತವ್ಯಸ್ತವಾಗುತ್ತದೆ. ಹುಂಜವನ್ನು ಮರಳಿ ಪಡೆಯಲು ಭವಿಷ್ಯವಾಣಿಯ ಮೊರೆ ಹೋಗಲಾಗುತ್ತದೆ. ಅದರ ಫಲವಾಗಿ ಆ ಮುದುಕಿಯ ಮನೆಯವರು ಊರಿನಿಂದ ಹೊರದೂಡಲ್ಪಡುತ್ತಾರೆ.

ನಮ್ಮಲ್ಲಿ ಈ ಕಥೆ ಕೇಳದ ಮಗುವಿಲ್ಲ. ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗು ಎಂದು ಜಂಬಪಟ್ಟ ಅಜ್ಜಿಯೊಬ್ಬಳು ಮುನಿಸಿಕೊಂಡು ಕೋಳಿಯೊಡನೆ ಕಾಡು ಸೇರುತ್ತಾಳೆ; ಊರಿಗೆ ಎಂದಿನಂತೆ ಬೆಳಗಾಗುತ್ತದೆ; ಅಜ್ಜಿಯ ಅಹಂಕಾರ ಮುರಿಯುತ್ತದೆ. ಕಥೆ ಹೇಳುವವರ ನಗೆ ಯಾವಾಗಲೂ ಊರಿನ ಪಕ್ಷದಲ್ಲಿದೆ. ಊರು ದೊಡ್ಡದು, ಒಬ್ಬಳು ಮುದುಕಿ ಹೋದರೆ ಅದಕ್ಕೇನೂ ನಷ್ಟವಿಲ್ಲ ಎಂಬುದೇ ಅದರ ನೀತಿ. ಯುವ ನಿರ್ದೇಶಕರ ಮುಖ್ಯ ಸಾಧನೆಯೆಂದರೆ ಈ ನೀತಿಯನ್ನೇ ತಿರುವಿ ಹಾಕಿದ್ದು. ಇಲ್ಲಿ ಅಜ್ಜಿಯ ಮಾತು ನಿಜವಾಗಿಬಿಡುತ್ತದೆ. ಅವಳೊಡನೆ ಹುಂಜ ಹೋಯಿತು, ಹುಂಜದೊಡನೆ ಸೂರ್ಯನೂ ಹೋದ. ಯಾರನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೋ ಅವರಿಲ್ಲದೆ ಊರು ಊರಾಗಿ ಉಳಿಯಲಾರದು ಎಂಬ ಅರ್ಥ ಈ ತಿರುವಿನಲ್ಲಿದೆ. ನಗೆಗಥೆಯೊಂದು ಹೀಗೆ ಧರ್ಮಜಿಜ್ಞಾಸೆಯ ಕಥೆಯಾಗುತ್ತದೆ.

ನಮ್ಮ ಸೀಮೆಯ ಓದುಗರಿಗೆ ಇದು ಹೊಸ ವಿಚಾರವೆನಿಸಲಾರದು. ಸುರಪುರ ಸೀಮೆಯ ಕೆಂಭಾವಿಯ ಭೋಗಯ್ಯನ ಕಥೆಯನ್ನು ನೆನೆಯಬೇಕು. ಹರಿಹರನ ರಗಳೆಯಲ್ಲಿಯೂ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವ ಪುರಾಣದಲ್ಲಿಯೂ ಈ ಶರಣನ ಚರಿತೆಯಿದೆ. ಅಸ್ಪೃಶ್ಯನೆನಿಸಿದವನ ವೇಷದಲ್ಲಿ ಬಂದ ಶಿವನನ್ನು ಭೋಗಯ್ಯ ತನ್ನ ಮನೆಗೆ ಕರೆದು ಸತ್ಕರಿಸಿದ. ಊರು ಮೈಲಿಗೆಯಾಯಿತೆಂದು ವಿಪ್ರರು ದೊರೆಗೆ ದೂರಿದರು. ಭೋಗಯ್ಯ ಊರು ಬಿಟ್ಟು ಹೊರಟ. ಆಗ ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಅವನ ಹಿಂದೆ ಉರುಳುತ್ತ ನಡೆದುವಂತೆ. ಹೊರಹಾಕಿದವರು ಬರಿದಾದ ಗುಡಿಗಳನ್ನು ಕಂಡು ಬೆಚ್ಚಿ, ಅವನ ಕಾಲು ಹಿಡಿದು ಮರಳಿ ಕರೆತಂದರು. ಅಲ್ಲಿ ಲಿಂಗ, ಇಲ್ಲಿ ಸೂರ್ಯ; ಬಹಿಷ್ಕಾರ ಹಾಕಿದ ಊರೇ ಬರಿದಾಗುವುದು ಎರಡರಲ್ಲಿಯೂ ಸಮಾನ. ನಿರ್ದೇಶಕರಿಗೆ ಈ ಶರಣಚರಿತೆ ಗೊತ್ತಿತ್ತೆಂದು ನಾವು ವಾದಿಸುತ್ತಿಲ್ಲ. ಒಂದೇ ನೆಲದ ವಿವೇಕವು ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ಮಾಧ್ಯಮಗಳಲ್ಲಿ ತಲೆಯೆತ್ತುವ ಬಗೆಯನ್ನಷ್ಟೇ ತೋರಿಸುತ್ತಿದ್ದೇವೆ.

ಇನ್ನು ಈ ಚಿತ್ರದ ಬೆನ್ನಿಗಿರುವ ಚಿತ್ರಪರಂಪರೆಯನ್ನು ನೋಡಬೇಕು. 1970ರ ‘ಸಂಸ್ಕಾರ’ದಿಂದ ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳು ಬಂದುವು. ಪುಣೆಯ ಇದೇ ಸಂಸ್ಥೆಯಲ್ಲಿ ಕಲಿತ ಶ್ರೀ ಗಿರೀಶ ಕಾಸರವಳ್ಳಿಯವರು ವಿದ್ಯಾರ್ಥಿಯಾಗಿದ್ದಾಗ ನಿರ್ಮಿಸಿದ ‘ಅವಶೇಷ’ ರಾಷ್ಟ್ರಪ್ರಶಸ್ತಿ ಪಡೆಯಿತು. 1977ರಲ್ಲಿ ಅವರು ಅನಂತಮೂರ್ತಿಯವರ ಕಥೆಯನ್ನಾಧರಿಸಿ ‘ಘಟಶ್ರಾದ್ಧ’ವನ್ನು ಕೊಟ್ಟರು. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಸಮಾಜದಿಂದ ಹೊರಹಾಕುವ ಆ ದಾರುಣ ಕಥೆ, ಪುನಶ್ಚೇತನಗೊಂಡ ಪ್ರತಿಯ ಮೂಲಕ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಪ್ರದರ್ಶಿತವಾಯಿತು. ಹೊರದೂಡುವ ಊರು, ಹೊರಬಿದ್ದ ಹೆಣ್ಣು ಎಂಬ ವಸ್ತು ಎರಡು ಚಿತ್ರಗಳಿಗೂ ಸಮಾನವಾದುದು. ಆದರೆ ‘ಘಟಶ್ರಾದ್ಧ’ದಲ್ಲಿ ಅನ್ಯಾಯಕ್ಕೆ ಸಾಕ್ಷಿಯಾಗುವುದು ನಾಣಿಯೆಂಬ ಬಾಲಕ. ಅವನ ಮುಗ್ಧ ಕಣ್ಣುಗಳು ನಮ್ಮ ಕಣ್ಣುಗಳಾಗುತ್ತವೆ. ಆ ನೋವು ನೇರವಾಗಿ ಎದೆಗೆ ತಾಗುತ್ತದೆ. ಈ ಕಿರುಚಿತ್ರದ ಹೆಸರು ಸಾಕ್ಷಿಯ ಸ್ಥಾನವನ್ನು ಹೂವಿಗೆ ಕೊಟ್ಟಿದೆ.

ಈ ಹೆಸರಿನ ಔಚಿತ್ಯವನ್ನು ನಮ್ಮ ಎರೆಹೊಲದ ರೈತರು ಬಲ್ಲರು. ಎಳೆಯ ಸೂರ್ಯಕಾಂತಿ ಹಗಲೆಲ್ಲ ಸೂರ್ಯನ ದಾರಿಯನ್ನು ಹಿಂಬಾಲಿಸಿ ಪಡುವಣಕ್ಕೆ ಬಾಗುತ್ತದೆ. ರಾತ್ರಿಯ ಕತ್ತಲೆಯಲ್ಲಿ ತಾನಾಗಿಯೇ ಮತ್ತೆ ಮೂಡಣಕ್ಕೆ ತಿರುಗಿ, ಸೂರ್ಯ ಮೂಡುವ ಮೊದಲೇ ಅವನಿಗಾಗಿ ಕಾದಿರುತ್ತದೆ. ಮನುಷ್ಯನು ಕೋಳಿಯ ಕೂಗಿಗೆ ಕಾಯುವಾಗ ಹೂವು ಮೌನವಾಗಿ ಬೆಳಗನ್ನು ಅರಿತಿರುತ್ತದೆ. ಬೆಳಗು ತಪ್ಪಿತೆಂದು ಮೊದಲು ತಿಳಿಯುವುದೂ ಅದಕ್ಕೇ ಅಲ್ಲವೆ?

ಕಾಸರವಳ್ಳಿಯವರದು ವಾಸ್ತವದ ಮಾರ್ಗವಾದರೆ, ಜಾನಪದ ಕಲ್ಪನೆಯದು ಮತ್ತೊಂದು ಮಾರ್ಗ. ಗಿರೀಶ ಕಾರ್ನಾಡರು ಹೂಬಿಡುವ ಮರವಾಗುವ ಹುಡುಗಿಯ ಕನ್ನಡ ಕಥೆಯನ್ನು ಹಿಂದಿಯ ‘ಚೆಲುವಿ’ಯಾಗಿ 1992ರಲ್ಲಿ ತೆರೆಗೆ ತಂದರು; ಅವರದೇ ನಾಟಕ ‘ನಾಗಮಂಡಲ’ ಟಿ. ಎಸ್. ನಾಗಾಭರಣರ ಕೈಯಲ್ಲಿ 1997ರಲ್ಲಿ ಚಿತ್ರವಾಯಿತು. ಈ ಎರಡು ಮಾರ್ಗಗಳು ಕೂಡುವ ಹಾದಿಯಲ್ಲಿ ನಮ್ಮ ವಿದ್ಯಾರ್ಥಿ ಚಿತ್ರ ನಿಂತಿದೆ. ವಾಸ್ತವ ಮಾರ್ಗದಿಂದ ಊರಿನ ಕ್ರೌರ್ಯವನ್ನು ಕಾಣುವ ದೃಷ್ಟಿಯನ್ನೂ, ಜಾನಪದದಿಂದ ನಗುವ ಗುಣವನ್ನೂ ಅದು ಪಡೆದಿದೆ. ನೀತಿಯನ್ನು ಬಾಯಿಬಿಟ್ಟು ಬೋಧಿಸುವುದಿಲ್ಲವೆಂಬುದು ಅದರ ದೊಡ್ಡ ಸಂಯಮ.

ಚಿತ್ರವನ್ನು ಪೂರ್ತಿಯಾಗಿ ರಾತ್ರಿಯಲ್ಲಿಯೇ ಚಿತ್ರೀಕರಿಸಲಾಗಿದೆ. ಅನುಭವಿಗಳೂ ಹಿಂಜರಿಯುವ ಈ ಕಾಯಕವನ್ನು ಛಾಯಾಗ್ರಾಹಕ ಸೂರಜ್ ಠಾಕೂರ್, ಧ್ವನಿ ಸಂಯೋಜಕ ಅಭಿಷೇಕ್ ಕದಂ, ಸಂಕಲನಕಾರ ಮನೋಜ್ ವಿ. ಅವರ ಸಹಕಾರದಿಂದ ನಿರ್ದೇಶಕರು ನಿರ್ವಹಿಸಿದ್ದಾರೆ. ಕತ್ತಲೆ ಇಲ್ಲಿ ಬರಿಯ ಹಿನ್ನೆಲೆಯಲ್ಲ. ಅದೇ ಒಂದು ಪಾತ್ರ. ನಮ್ಮ ಕಡೆಯ ಬಯಲಾಟಗಳು ರಾತ್ರಿಯಿಡೀ ನಡೆದು ಬೆಳಗಿಗೆ ಮಂಗಳವಾಗುತ್ತವೆ. ಕಥೆಯ ಧರ್ಮಸಂಕಟಗಳೆಲ್ಲ ಕತ್ತಲಲ್ಲಿ ಬಿಚ್ಚಿಕೊಂಡು, ಬೆಳಕು ಹರಿಯುವಾಗ ಪ್ರೇಕ್ಷಕ ಹಗುರಾಗಿ ಮನೆಗೆ ಹೋಗುತ್ತಾನೆ. ಈ ಚಿತ್ರದಲ್ಲಿ ಬೆಳಗಿಗಾಗಿ ಊರೆಲ್ಲ ತಹತಹಿಸುವುದನ್ನು ಬಯಲಾಟದ ಪ್ರೇಕ್ಷಕನು ಪ್ಯಾರಿಸ್ಸಿನ ಪ್ರೇಕ್ಷಕನಿಗಿಂತ ಆಳವಾಗಿ ಗ್ರಹಿಸಬಲ್ಲನೆಂಬುದು ನಮ್ಮ ನಂಬಿಕೆ.

ಗುಣದೊಡನೆ ಕೊರತೆಯನ್ನೂ ಹೇಳದಿದ್ದರೆ ವಿಮರ್ಶೆ ಸ್ತುತಿಯಾದೀತು. ಮೊದಲನೆಯದಾಗಿ, 16 ನಿಮಿಷಗಳ ಮಿತಿಯಲ್ಲಿ ವೃದ್ಧೆಯ ಅಂತರಂಗಕ್ಕೆ ದೊರೆತ ಅವಕಾಶ ಸಾಲದು. ಅವಳು ಸಂಕೇತವಾಗಿ ಬೆಳೆದಷ್ಟು ವ್ಯಕ್ತಿಯಾಗಿ ಬೆಳೆಯುವುದಿಲ್ಲ. ‘ಘಟಶ್ರಾದ್ಧ’ದ ಯಮುನಕ್ಕನ ಸಂಕಟ ನಮ್ಮ ಮನೆಯ ಹೆಣ್ಣಿನ ಸಂಕಟವೆನಿಸುವಂತೆ ಈ ಅಜ್ಜಿಯ ಸಂಕಟ ಅನಿಸದಿರುವುದಕ್ಕೆ ಇದೇ ಕಾರಣ. ಎರಡನೆಯದಾಗಿ, ಹೊರದೂಡುವ ನಿರ್ಣಯವನ್ನು ಭವಿಷ್ಯವಾಣಿಯ ಮೇಲೆ ಹೊರಿಸಿದ್ದರಿಂದ ಊರವರ ಪಾಪ ಸ್ವಲ್ಪ ಹಗುರಾಗಿದೆ. ನಿಜಜೀವನದಲ್ಲಿ ಬಹಿಷ್ಕಾರವನ್ನು ದೈವ ಹಾಕುವುದಿಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರು ಹಾಕುತ್ತಾರೆ. ಭೋಗಯ್ಯನ ಚರಿತೆಯಲ್ಲಿ ದೂರಿದವರಾರು, ನಿರ್ಣಯಿಸಿದವರಾರು ಎಂಬುದು ಸ್ಪಷ್ಟವಾಗಿದೆ. ಆ ಸ್ಪಷ್ಟತೆ ಇಲ್ಲಿಯೂ ಇದ್ದಿದ್ದರೆ ಚಿತ್ರದ ಮೊನೆ ಇನ್ನಷ್ಟು ಹರಿತವಾಗುತ್ತಿತ್ತು.

ಇದು ಕೇವಲ ಕಲಾವಿಮರ್ಶೆಯ ಸೂಕ್ಷ್ಮವಲ್ಲ. ಈ ಚಿತ್ರ ಕಾನ್‌ನಲ್ಲಿ ಗೆದ್ದ 2024ರಲ್ಲಿಯೇ ನಮ್ಮ ಜಿಲ್ಲೆಯ ಹುಣಸಗಿ ತಾಲೂಕಿನ ಹಳ್ಳಿಯೊಂದರಲ್ಲಿ ದಲಿತ ಕುಟುಂಬಗಳಿಗೆ ಬಹಿಷ್ಕಾರ ಹಾಕಿದ ವಾರ್ತೆ ಪತ್ರಿಕೆಗಳಲ್ಲಿ ಬಂದಿತು. ಜೇಡರ ದಾಸಿಮಯ್ಯ ಹುಟ್ಟಿದ ಮುದನೂರು, ಭೋಗಯ್ಯ ಬಾಳಿದ ಕೆಂಭಾವಿ ಇರುವ ನೆಲವಿದು. ಲಿಂಗಗಳು ಯಾರ ಹಿಂದೆ ಉರುಳಿದುವೆಂಬುದನ್ನು ಪುರಾಣದಲ್ಲಿ ಕೇಳಿ ತಲೆದೂಗಿ, ಊರಿನ ಅಂಗಡಿಯಲ್ಲಿ ಒಬ್ಬನಿಗೆ ದಿನಸಿ ಕೊಡಲೊಲ್ಲೆನೆನ್ನುವುದು ಎಂಥ ಭಕ್ತಿ? ಬೆಳಗು ತಪ್ಪಿದ ಊರಿನ ಕಥೆ ನಮ್ಮನ್ನು ಕುರಿತೇ ಹೇಳಿದಂತಿದೆ.

ಯಾದಗಿರಿಯ ನಿಲ್ದಾಣದಿಂದ ಪುಣೆಗೆ ನೇರ ರೈಲುಮಾರ್ಗವಿದೆ. ಶಹಾಪುರ, ಸುರಪುರಗಳ ತರುಣರು ಕೂಲಿಗಾಗಿ ಆ ಊರಿಗೆ ಹೋಗುವುದುಂಟು. ಅಲ್ಲಿಯ ಚಿತ್ರಶಾಲೆಯ ಬಾಗಿಲನ್ನೂ ಅವರಲ್ಲಿ ಕೆಲವರು ತಟ್ಟುವಂತಾಗಲಿ. ನಮ್ಮ ಅಜ್ಜಿಯರ ಬಾಯಲ್ಲಿರುವ ಕಥೆಗಳಿಗೆ ಬರವಿಲ್ಲ. ಕಥೆ ಹೇಳುವವರ ಕೈಗೆ ಈ ಹೊಸ ಸಲಕರಣೆ ಬರಬೇಕಾಗಿದೆ, ಅಷ್ಟೆ. ಶ್ರಾವಣಮಾಸದಲ್ಲಿ ಮಠಗಳಲ್ಲಿ ತಿಂಗಳುಗಟ್ಟಲೆ ಪುರಾಣ ಪ್ರವಚನಗಳು ನಡೆಯುತ್ತವೆ. ಕೆಂಭಾವಿ ಭೋಗಯ್ಯನ ಚರಿತೆಯನ್ನು ಹೇಳುವ ಸಂಜೆ, ಅದು ಮುಗಿದ ಮೇಲೆ, ಪರದೆ ಕಟ್ಟಿ ಇಂಥ ಚಿತ್ರವೊಂದನ್ನು ಊರವರೆಲ್ಲ ಒಟ್ಟಿಗೆ ಕುಳಿತು ನೋಡುವಂತೆ ಏರ್ಪಡಿಸಿದರೆ ಪುರಾಣಕ್ಕೂ ಚಿತ್ರಕ್ಕೂ ಸಾರ್ಥಕ್ಯ ಬರುತ್ತದೆ. ಹದಿನಾರು ನಿಮಿಷ ದೊಡ್ಡ ಹೊತ್ತಲ್ಲ. ಆದರೆ ಆ ಹೊತ್ತಿನಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತರೆಂಬುದೇ ನಮ್ಮೂರಿಗೆ ಬೆಳಗಾಯಿತೋ ಇಲ್ಲವೋ ಎಂಬುದನ್ನು ಹೇಳುತ್ತದೆ.