ಕಾಯಿಲೆಯ ಹೆಸರು ಮತ್ತು ಸಂಶೋಧಕನ ಪ್ರಶ್ನೆ

ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಗುಣಾತ್ಮಕ ಸಂಶೋಧನೆಯನ್ನು ಕಲಿಯುವವರಿಗೆ ಸಾಮಾನ್ಯವಾಗಿ ಮೊದಲು ಪರಿಚಯವಾಗುವುದು ಸಲಕರಣೆಗಳು: ಆಳ ಸಂದರ್ಶನ, ಗುಂಪು ಚರ್ಚೆ, ಸಹಭಾಗಿ ಅವಲೋಕನ, ದಾಖಲಿಸಿದ ಮಾತನ್ನು ವಿಂಗಡಿಸುವ ಕ್ರಮ. ಇವುಗಳ ಜೊತೆಗೆ ಅಮೆರಿಕದ ವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1970ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದ ಪ್ರಶ್ನೆಗಳೂ ಬರುತ್ತವೆ. ರೋಗಿಯ ವಿವರಣೆಯನ್ನು ಅಜ್ಞಾನವೆಂದು ತಳ್ಳದೆ ಅರಿವಿನ ಒಂದು ಬಗೆಯೆಂದು ಪರಿಗಣಿಸಿದ್ದು ಅವುಗಳ ಹಿರಿಮೆ. ಆದರೆ ರೂಢಿಯಲ್ಲಿರುವ ಪಟ್ಟಿಯ ಮೊದಲ ಪ್ರಶ್ನೆಯೇ ‘ಈ ತೊಂದರೆಯನ್ನು ನೀವು ಏನೆಂದು ಕರೆಯುತ್ತೀರಿ?’ ಎಂಬುದು. ಕನ್ನಡದ ಸಂದರ್ಭದಲ್ಲಿ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ಮೈಮೇಲೆ ಗುಳ್ಳೆಯೆದ್ದ ಮಗುವಿನ ತಾಯಿ ‘ಅಮ್ಮ ಆಗಿದೆ’ ಎನ್ನುತ್ತಾಳೆ. ಇದು ರೋಗದ ಹೆಸರಲ್ಲ. ಹೆಸರು ಹೇಳದೆ ಉಳಿಯುವ ಕ್ರಮ. ಮನೆಗೆ ಬಂದಿರುವವಳು ದೇವಿಯಾದ್ದರಿಂದ ಮಾತಿನಲ್ಲಿ ಮರ್ಯಾದೆ ಇರಬೇಕು. ಬಾಗಿಲಿಗೆ ಬೇವಿನ ಸೊಪ್ಪು ಬರುತ್ತದೆ, ಅಡುಗೆಯಲ್ಲಿ ಒಗ್ಗರಣೆ ನಿಲ್ಲುತ್ತದೆ, ಹೊರಗಿನವರ ಓಡಾಟ ಕಡಿಮೆಯಾಗುತ್ತದೆ. ಸಿಡುಬು, ಸೀತಾಳೆ ಸಿಡುಬು, ದಡಾರ ಎಲ್ಲವನ್ನೂ ಈ ಒಂದು ಮಾತು ಒಳಗೊಳ್ಳಬಲ್ಲದು. ಇದನ್ನು ಕೇಳಿದ ವಿದ್ಯಾರ್ಥಿ ತನ್ನ ಹಾಳೆಯಲ್ಲಿ ‘ಸೀತಾಳೆ ಸಿಡುಬು’ ಎಂದು ಬರೆದುಕೊಂಡರೆ ದಡಾರದ ಒಂದು ಪ್ರಕರಣ ಲೆಕ್ಕದಿಂದ ಜಾರಿಹೋಗಬಹುದು. ‘ಮೂಢನಂಬಿಕೆ’ ಎಂದು ಬರೆದುಕೊಂಡರೆ ಆ ಮನೆಯೇ ಜಾರಿಹೋಗುತ್ತದೆ. ಭಾರತದ ಸಿಡುಬು ನಿರ್ಮೂಲನ ಕಾರ್ಯಕರ್ತರು 1970ರ ದಶಕದಲ್ಲಿ ಮನೆಮನೆಗೆ ಹೋಗುವಾಗ ಸಿಡುಬಾದ ಮಗುವಿನ ಚಿತ್ರವಿದ್ದ ಕಾರ್ಡನ್ನು ತೋರಿಸಿ ವಿಚಾರಿಸುತ್ತಿದ್ದರು. ಹೆಸರಿನ ಗೊಂದಲವನ್ನು ದಾಟುವ ಈ ಸರಳ ಉಪಾಯ ವಿಧಾನದ ಪಾಠವಾಗಿ ಚರ್ಚೆಗೆ ಬರಬೇಕಾದುದು.

ಎರಡನೆಯ ತೊಡಕು ಅನುವಾದದ್ದು. ಕನ್ನಡದಲ್ಲಿ ನಡೆದ ಸಂದರ್ಶನವನ್ನು ಇಂಗ್ಲಿಷಿಗೆ ತಿರುಗಿಸಿ, ಆ ಬಳಿಕ ವಿಂಗಡಿಸುವ ಪದ್ಧತಿಯಿದೆ. ‘ಉಷ್ಣ’ ಬಿಸಿಯಾಗುತ್ತದೆ, ಬಿಸಿ ಜ್ವರವಾಗುತ್ತದೆ. ‘ನಂಜು’ ಎಂಬುದಕ್ಕಂತೂ ಸರಿಸಾಟಿ ಪದವೇ ಸಿಗದು. ಹೀಗೆ ಹೊರಬಂದ ‘ವಿಷಯವಸ್ತು’ಗಳು ಅನುವಾದಕನವೋ ರೋಗಿಯವೋ ಎಂಬುದನ್ನು ಯಾವ ಗಣಕ ತಂತ್ರಾಂಶವೂ ಹೇಳಲಾರದು.

ಹಾಗೆಂದು ಜಾನಪದ ಅಧ್ಯಯನ ಬೀಗಬೇಕಾಗಿಲ್ಲ. ಕನ್ನಡದ ಜನಪದ ವೈದ್ಯ ಸಂಗ್ರಹಗಳು ಬಹುಮಟ್ಟಿಗೆ ಬೇರು, ತೊಗಟೆ, ಸೊಪ್ಪುಗಳ ಪಟ್ಟಿಗಳು. ಮದ್ದನ್ನು ಯಾರು ಯಾರಿಗೆ ಕೊಟ್ಟರು, ಎಷ್ಟು ದಿನ ಕಾದರು, ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದ ಮೇಲೋ ಮುಂಚೆಯೋ ಎಂಬ ವಿವರ ಅವುಗಳಲ್ಲಿ ವಿರಳ. ಕಾಯಿಲೆ ಇದೆ, ಕಾಯಿಲೆಯವರಿಲ್ಲ. ವಾಸ್ತವವಾಗಿ ಕ್ಲೈನ್‌ಮನ್‌ಗಿಂತ ಒಂದು ದಶಕಕ್ಕೂ ಹಿಂದೆ, 1966ರಲ್ಲಿ, ಜಾನಪದ ವಿದ್ವಾಂಸ ಅಲನ್ ಡಂಡಿಸ್ ಪಠ್ಯದೊಡನೆ ಅದರ ಅರ್ಥವನ್ನೂ ವಕ್ತೃಗಳಿಂದಲೇ ಕೇಳಿ ದಾಖಲಿಸಬೇಕೆಂದು ಒತ್ತಾಯಿಸಿದ್ದರು. ಆ ಮಾತು ಕತೆ, ಒಗಟುಗಳಷ್ಟೇ ಮದ್ದಿಗೂ ಸಲ್ಲುತ್ತದೆ. ಸಂಗ್ರಾಹಕರು ಅದನ್ನು ಅಲ್ಲಿಗೆ ಒಯ್ಯಲಿಲ್ಲ.

ಎರಡು ಶಿಸ್ತುಗಳೂ ಕೂಡಿ ಕಲಿಸಬಹುದಾದದ್ದು ಪ್ರಶ್ನೆಯನ್ನು ಜನರ ಮಾತಿನೊಳಗಿಂದಲೇ ಎತ್ತಿಕೊಳ್ಳುವ ಬಗೆಯನ್ನು. ‘ಕಾಯಿಲೆ ಎಷ್ಟು ದಿನ ಇತ್ತು?’ ಎಂಬುದಕ್ಕೆ ‘ಏನೋ, ಒಂದು ವಾರ’ ಎಂಬ ಉತ್ತರ ಬರುತ್ತದೆ. ಅಮ್ಮ ಇಳಿದ ಮೇಲೆ ಅನೇಕ ಮನೆಗಳಲ್ಲಿ ಬೇವಿನ ಸೊಪ್ಪಿನ ನೀರು ಹಾಕುವ ರೂಢಿಯಿದೆ. ‘ನೀರು ಹಾಕಿದ್ದು ಯಾವತ್ತು?’ ಎಂದು ಕೇಳಿದರೆ ಆರೈಕೆ ಮಾಡಿದ ಅಜ್ಜಿ ವಾರ, ಹಬ್ಬಗಳ ಲೆಕ್ಕ ಹಿಡಿದು ದಿನವನ್ನೇ ಹೇಳಬಲ್ಲಳು.